ಹತ್ತಿರದ ಗುಂಪು, ಹೊಸ ಗೆಳೆಯರು: ಮೊಬೈಲ್ ಆ್ಯಪ್‌ನಿಂದ ಶುರು ಮಾಡುವ ಬಗೆ

ಹೊಸ ಜಾಗಕ್ಕೆ ಹೋದ ಕೆಲವು ತಿಂಗಳಿಗೆ ಈಜುಕೊಳದ ಸದಸ್ಯತ್ವಕ್ಕೆ ಫಾರಂ ತುಂಬುತ್ತಿದ್ದೆ. ಹೆಸರು, ವಯಸ್ಸು, ವಿಳಾಸ ಎಲ್ಲ ಸರಸರ ಬರೆದೆ. ಕೊನೆಯಲ್ಲಿ ಒಂದು ಸಾಲಿತ್ತು: 'ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದವರು'. ಅಣ್ಣನ ನಂಬರ್ ಬರೆದುಕೊಟ್ಟೆ. ಕೌಂಟರಿನಲ್ಲಿದ್ದವರು ನೋಡಿ, "ಇವರು ದೂರ ಇದ್ದಾರಲ್ವಾ? ಇಲ್ಲೇ ಇರೋರು ಯಾರಾದ್ರೂ ಇದ್ರೆ ಬರೀರಿ" ಅಂದರು. ಪೆನ್ನು ಹಿಡಿದು ನಿಂತೇ ಇದ್ದೆ. ಫೋನಿನಲ್ಲಿ ನೂರಾರು ಹೆಸರಿದ್ದವು. ಅರ್ಧ ಗಂಟೆಯಲ್ಲಿ ಬಂದು ತಲುಪಬಲ್ಲವರು ಒಬ್ಬರೂ ಇರಲಿಲ್ಲ.

ಅವತ್ತು ರಾತ್ರಿಯೇ ಗೆಳೆಯರನ್ನು ಹುಡುಕಿಕೊಡುವ ಆ್ಯಪ್ ಒಂದನ್ನು ಹಾಕಿಕೊಂಡೆ. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ದಿನಾ ಮಲಗುವ ಮುಂಚೆ ಒಬ್ಬೊಬ್ಬರದೇ ಪ್ರೊಫೈಲ್ ನೋಡುವುದು, 'ಹಾಯ್' ಅನ್ನುವುದು, ಮೂರ್ನಾಲ್ಕು ದಿನ ಮಾತಾಡುವುದು, ಆಮೇಲೆ ಎರಡೂ ಕಡೆ ಸುಮ್ಮನಾಗುವುದು. ಕೊನೆಗೆ ವಾರಕ್ಕೊಮ್ಮೆ ಸೇರುವ ಒಂದು ಬೋರ್ಡ್ ಗೇಮ್ ಗುಂಪಿಗೆ ಹೋದೆ. ಅಲ್ಲಿಂದ ಪರಿಸ್ಥಿತಿ ನಿಧಾನವಾಗಿ ಬದಲಾಯಿತು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳುವುದು ಇದನ್ನೇ. ಆ್ಯಪ್ ತೆರೆದ ಕೂಡಲೇ ಒಬ್ಬ ಗೆಳೆಯನನ್ನು ಹುಡುಕಲು ಹೋಗಬೇಡಿ. ಮತ್ತೆ ಮತ್ತೆ ಸೇರುವ ಒಂದು ಗುಂಪನ್ನು ಹುಡುಕಿ, ಬಿಡದೆ ಹೋಗಿ.

ಇನ್ನೊಂದು ಮಾತು. ಗೆಳೆಯರಿಲ್ಲ ಅಂತ ಆ್ಯಪ್ ಹಾಕಿಕೊಳ್ಳುವುದಕ್ಕೆ ನಾಚಿಕೆ ಪಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ನೀವು ಹೋಗುವ ಗುಂಪಿನಲ್ಲೂ ಇದೇ ಕಾರಣಕ್ಕೆ ಬಂದವರು ಇದ್ದೇ ಇರುತ್ತಾರೆ.

ಆ್ಯಪ್ ಹಾಕುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ

ಮೂರು ವಿಷಯ ಬರೆದುಕೊಳ್ಳಿ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು ನಿಜವಾಗಿ ಬಿಡುವಿದೆ? ಎಷ್ಟು ದೂರ ಹೋಗಬಲ್ಲಿರಿ? ಅಲ್ಲಿ ಏನು ಮಾಡಲು ಇಷ್ಟ?

ಬಿಡುವು ಅಂದರೆ ಇರಬೇಕು ಅಂತ ಆಸೆಪಡುವ ಬಿಡುವಲ್ಲ, ಈಗಾಗಲೇ ಇರುವ ಬಿಡುವು. ಗುರುವಾರ ಸಂಜೆ ಸುಸ್ತಾಗಿ ಮಲಗುವವರು ಗುರುವಾರದ ಗುಂಪಿಗೆ ಹೆಸರು ಕೊಟ್ಟರೆ ಎರಡನೇ ವಾರಕ್ಕೇ ತಪ್ಪಿಸುತ್ತಾರೆ.

ದೂರದ ಲೆಕ್ಕವಂತೂ ನಾವು ಅಂದುಕೊಳ್ಳುವುದಕ್ಕಿಂತ ದೊಡ್ಡದು. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಸಂಶೋಧಕರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಯಲ್ಲಿ ಯಾರು ಯಾರಿಗೆ ಗೆಳೆಯರಾಗಿದ್ದಾರೆ ಅಂತ ನೋಡಿದ್ದರು. 1950ರಲ್ಲಿ ಅದು ಪ್ರಕಟವಾಯಿತು. ಪಕ್ಕದ ಬಾಗಿಲಿನವರೇ ಎಲ್ಲರಿಗಿಂತ ಹೆಚ್ಚಾಗಿ ಗೆಳೆಯರಾಗಿದ್ದರು. ನಾಲ್ಕು ಬಾಗಿಲು ದಾಟಿದರೆ ಸಾಕು, ಸಾಧ್ಯತೆ ಇಳಿಯುತ್ತಿತ್ತು. ಹಾಗಾಗಿ ದೂರದಲ್ಲಿರುವ ಬಹಳ ಒಳ್ಳೆಯ ಗುಂಪಿಗಿಂತ, ಇಪ್ಪತ್ತು ನಿಮಿಷದಲ್ಲಿ ತಲುಪಬಹುದಾದ ಪರವಾಗಿಲ್ಲ ಅನ್ನುವ ಗುಂಪು ಮೇಲು. ಮಳೆ ಬಂದ ದಿನವೂ ಹೋಗುವ ಮನಸ್ಸಾಗಬೇಕಲ್ವಾ?

ಮೂರನೆಯದನ್ನು ಬರೆಯುವಾಗ 'ಓದು', 'ಪ್ರವಾಸ', 'ಸಂಗೀತ' ಅಂತ ಬರೆಯಬೇಡಿ. ಕೈ ಕಾಲಿಗೆ ಕೆಲಸ ಕೊಡುವ ಮಾತು ಬರೆಯಿರಿ. ನಡೆಯುವುದು, ಹಾಡುವುದು, ಹೊಲಿಯುವುದು, ಚೆಸ್ ಆಡುವುದು, ಗಿಡ ನೆಡುವುದು, ಹೊಸ ಭಾಷೆ ಕಲಿಯುವುದು. ಮಾತಿಗೆ ತಡವರಿಸುವವರಿಗೆ ಇದು ದೊಡ್ಡ ಆಸರೆ. ಕೈಯಲ್ಲಿ ಕೆಲಸವಿದ್ದಾಗ ಮಾತಿಲ್ಲದ ಹೊತ್ತು ಭಾರ ಅನ್ನಿಸುವುದಿಲ್ಲ.

ಯಾವ ಆ್ಯಪ್?

ಮೂರು ಬಗೆ ಇವೆ. ಗುಂಪುಗಳನ್ನೂ ಅವು ಸೇರುವ ದಿನವನ್ನೂ ತೋರಿಸುವ ಆ್ಯಪ್‌ಗಳು ಮೊದಲ ಬಗೆ. ಮೀಟಪ್ ಇದರಲ್ಲಿ ಹಳೆಯದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕ್‌ನಲ್ಲಿ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಮಾತಾಡಿಸತೊಡಗಿದ್ದನ್ನು ಸ್ಕಾಟ್ ಹೈಫರ್‌ಮನ್ ಗಮನಿಸಿದ್ದರು. ಅವರು ಮತ್ತು ಸಂಗಡಿಗರು 2002ರಲ್ಲಿ ಇದನ್ನು ಶುರು ಮಾಡಿದರು. ಇಲ್ಲಿ ಗುಂಪು ನಡೆಸುವವರು ಚಂದಾ ಕಟ್ಟುತ್ತಾರೆ, ಸೇರುವವರಿಗೆ ಸಾಮಾನ್ಯವಾಗಿ ಖರ್ಚಿಲ್ಲ.

ಎರಡನೆಯದು, ಒಬ್ಬರಿಗೆ ಒಬ್ಬರನ್ನು ತೋರಿಸುವ ಆ್ಯಪ್‌ಗಳು. ಬಂಬಲ್ ಎಂಬ ಡೇಟಿಂಗ್ ಆ್ಯಪ್ 2016ರಲ್ಲಿ ಗೆಳೆತನಕ್ಕೆ ಅಂತಲೇ 'ಬಿಎಫ್ಎಫ್' (ಬೆಸ್ಟ್ ಫ್ರೆಂಡ್ಸ್ ಫಾರೆವರ್) ವಿಭಾಗ ತೆರೆಯಿತು. 2023ರಲ್ಲಿ ಅದಕ್ಕೆ ಬೇರೆ ಆ್ಯಪ್ಪನ್ನೇ ಬಿಟ್ಟಿತು. ಇವುಗಳಿಂದಲೂ ಗೆಳೆಯರಾದವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿ ಸಲವೂ ಸೊನ್ನೆಯಿಂದ ಮಾತು ಶುರು ಮಾಡಬೇಕು. ಭೇಟಿಯ ದಿನ, ಜಾಗ ಎಲ್ಲವನ್ನೂ ನೀವೇ ಹೊಂದಿಸಬೇಕು. ಬಹಳ ಜನ ಅಲ್ಲೇ ದಣಿದುಬಿಡುತ್ತಾರೆ.

ಮೂರನೆಯದು ನಮ್ಮ ಕೈಯಲ್ಲಿ ಈಗಾಗಲೇ ಇರುವವು: ಫೇಸ್‌ಬುಕ್ ಗ್ರೂಪ್, ವಾಟ್ಸ್ಆ್ಯಪ್, ಟೆಲಿಗ್ರಾಂ, ಡಿಸ್ಕಾರ್ಡ್. ಓಡುವವರಿಗೆ, ಸೈಕಲ್ ತುಳಿಯುವವರಿಗೆ ಸ್ಟ್ರಾವಾ ಎಂಬ ವ್ಯಾಯಾಮದ ಲೆಕ್ಕ ಇಡುವ ಆ್ಯಪ್‌ನಲ್ಲಿ ಕ್ಲಬ್‌ಗಳಿವೆ.

ಮೊದಲ ಬಗೆಯದು ಒಂದು, ಮೂರನೆಯ ಬಗೆಯದು ಒಂದು, ಅಷ್ಟು ಸಾಕು. ಐದಾರು ಆ್ಯಪ್ ಹಾಕಿಕೊಂಡರೆ ಹುಡುಕುವುದೇ ಕೆಲಸವಾಗುತ್ತದೆ.

ಖಾತೆ ತೆರೆಯುವಾಗ

ಇಂಥ ಬಹುತೇಕ ಆ್ಯಪ್‌ಗಳಿಗೆ 18 ವರ್ಷ ತುಂಬಿರಬೇಕು. ಆಫೀಸಿನ ಇಮೇಲ್ ಬಿಟ್ಟು ಸ್ವಂತ ಇಮೇಲ್ ಕೊಡಿ. ಹೆಸರು ನಿಜವಾದದ್ದೇ ಇರಲಿ, ಮೊದಲ ಹೆಸರು ಮಾತ್ರ ಸಾಕು.

ಲೊಕೇಶನ್ ಕೇಳಿದಾಗ ಸುಮ್ನೆ 'ಅಲೋ' ಒತ್ತಬೇಡಿ. 'ಆ್ಯಪ್ ಬಳಸುವಾಗ ಮಾತ್ರ' ಅನ್ನುವುದನ್ನು ಆರಿಸಿ. ಆಂಡ್ರಾಯ್ಡ್ 12ರಿಂದ ಈಚೆಗಿನ ಫೋನುಗಳಲ್ಲಿ ನಿಖರ ಜಾಗದ ಬದಲು ಅಂದಾಜು ಜಾಗ ಮಾತ್ರ ಕೊಡುವ ಆಯ್ಕೆ ಅದೇ ಪರದೆಯಲ್ಲೇ ಬರುತ್ತದೆ. ಐಫೋನಿನಲ್ಲಿ ಐಒಎಸ್ 14ರಿಂದ 'ಪ್ರಿಸೈಸ್ ಲೊಕೇಶನ್' ಅನ್ನುವುದನ್ನು ಆಫ್ ಮಾಡಬಹುದು. ಹತ್ತಿರದ ಗುಂಪು ತೋರಿಸಲು ಆ್ಯಪ್‌ಗೆ ನಿಮ್ಮ ಬಡಾವಣೆ ಯಾವುದು ಅಂತ ಗೊತ್ತಾದರೆ ಸಾಕು, ಮನೆ ಬಾಗಿಲು ಗೊತ್ತಾಗಬೇಕಿಲ್ಲ. ಕಾಂಟ್ಯಾಕ್ಟ್ಸ್ ಕೇಳಿದರೆ ಬೇಡ ಅನ್ನಿ.

ಉಚಿತ ಟ್ರಯಲ್ ಅಂತ ಕಾರ್ಡ್ ವಿವರ ಕೇಳಿದರೆ, ಟ್ರಯಲ್ ಮುಗಿಯುವ ದಿನವನ್ನು ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನ ಸಬ್‌ಸ್ಕ್ರಿಪ್ಶನ್ ಪುಟಕ್ಕೆ ಹೋಗಿಯೇ ನಿಲ್ಲಿಸಬೇಕು. ಖಾತೆಯೂ ಹಾಗೆಯೇ, ಸೆಟ್ಟಿಂಗ್ಸ್‌ಗೆ ಹೋಗಿ ಡಿಲೀಟ್ ಮಾಡಿದರೆ ಮಾತ್ರ ಹೋಗುತ್ತದೆ.

ಪ್ರೊಫೈಲ್‌ನಲ್ಲಿ ನಾಲ್ಕು ಸಾಲು

ಮುಖ ಕಾಣುವ ಫೋಟೊ ಒಂದು ಇರಲಿ, ಈಚಿನದು. ಗುಂಪಿನವರು ನಿಮ್ಮನ್ನು ಗೇಟಿನ ಹತ್ತಿರ ಗುರುತಿಸುವುದು ಅದರಿಂದಲೇ. ಹಿಂದೆ ಮನೆ ನಂಬರ್, ಗಾಡಿ ನಂಬರ್, ಮಕ್ಕಳ ಶಾಲೆಯ ಹೆಸರು ಕಾಣದ ಹಾಗೆ ನೋಡಿಕೊಳ್ಳಿ.

ಬರಹದ ವಿಷಯಕ್ಕೆ ಬಂದರೆ, ನಾನು ಮೊದಲು ಬರೆದಿದ್ದು ಹೀಗಿತ್ತು: 'ಓದು, ಸಂಗೀತ, ಪ್ರವಾಸ ಇಷ್ಟ. ಒಳ್ಳೆಯ ಸ್ನೇಹಿತರನ್ನು ಹುಡುಕುತ್ತಿದ್ದೇನೆ.' ಇದರಲ್ಲಿ ಸುಳ್ಳೇನಿಲ್ಲ. ಆದರೆ ಓದಿದವರಿಗೆ ನನ್ನ ಹತ್ತಿರ ಏನು ಮಾತಾಡಬಹುದು ಅಂತ ಹೊಳೆಯುವುದಿಲ್ಲ. ಆಮೇಲೆ ಬದಲಾಯಿಸಿದೆ: 'ಭಾನುವಾರ ಬೆಳಿಗ್ಗೆ ಒಂದೆರಡು ಗಂಟೆ ನಡೆಯುತ್ತೇನೆ. ಹಕ್ಕಿ ನೋಡುವುದು ಈಗಷ್ಟೇ ಶುರು, ಹತ್ತು ಹಕ್ಕಿಯ ಹೆಸರೂ ಗೊತ್ತಿಲ್ಲ, ಕಲಿಸುವವರಿದ್ದರೆ ಸಂತೋಷ. ಶನಿವಾರ ಸಂಜೆ ಬಿಡುವು. ಕನ್ನಡ, ಇಂಗ್ಲಿಷ್ ಮಾತಾಡುತ್ತೇನೆ.' ಇದನ್ನು ಹಾಕಿದ ಮೇಲೆ ಬಂದ ಮೊದಲ ಮೆಸೇಜಿನಲ್ಲಿ 'ಹಾಯ್' ಇರಲಿಲ್ಲ. "ಬೈನಾಕ್ಯುಲರ್ ಇದೆಯಾ, ಇಲ್ಲಾಂದ್ರೆ ನನ್ನದು ಒಂದು ಜಾಸ್ತಿ ಇದೆ" ಅಂತಿತ್ತು.

ಬಲ್ಲೆ ಅಂತ ಹೇಳಿಕೊಳ್ಳುವುದಕ್ಕಿಂತ, ಕಲಿಯಬೇಕು ಅಂತಿರುವುದನ್ನು ಬರೆದರೆ ಜನ ಬೇಗ ಹತ್ತಿರ ಬರುತ್ತಾರೆ. ಸಹಾಯ ಮಾಡಲು ಯಾರಿಗೆ ಖುಷಿಯಿಲ್ಲ?

ಜೀವ ಇರುವ ಗುಂಪನ್ನು ಗುರುತಿಸುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಾನು ಪಾಠ ಕಲಿತಿದ್ದು ಒಂದು ನಡಿಗೆ ಗುಂಪಿನಿಂದ. ಸಾವಿರಾರು ಸದಸ್ಯರು, ಚೆಂದದ ಫೋಟೊಗಳು. ಬೆಳಿಗ್ಗೆ ಆರೂವರೆಗೆ ಪಾರ್ಕಿನ ಗೇಟಿನಲ್ಲಿ ಸೇರುವುದು ಅಂತಿತ್ತು. ಆರೂ ಕಾಲಿಗೇ ಹೋದೆ. ಶೂ ಹಾಕಿಕೊಂಡು ಬಂದ ಪ್ರತಿಯೊಬ್ಬರನ್ನೂ ಇವರೇ ಇರಬೇಕು ಅಂತ ನೋಡಿದೆ. ಎಲ್ಲರೂ ನನ್ನನ್ನು ದಾಟಿ ಒಳಗೆ ಹೋದರು. ಏಳರವರೆಗೂ ನಿಂತು ಮನೆಗೆ ಬಂದೆ. ಆಮೇಲೆ ಗಮನಿಸಿದರೆ, ಆ ಗುಂಪಿನ ಕೊನೆಯ ಫೋಟೊ ಹಾಕಿ ಎಂಟು ತಿಂಗಳಾಗಿತ್ತು. ಈವೆಂಟ್ ಮಾತ್ರ ಪ್ರತಿ ವಾರ ತನ್ನಷ್ಟಕ್ಕೇ ಬರುತ್ತಿತ್ತು, ಯಾರೂ ಅದನ್ನು ನಿಲ್ಲಿಸಿರಲಿಲ್ಲ.

ಹಾಗಾಗಿ ಸದಸ್ಯರ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಕಳೆದ ನಾಲ್ಕೈದು ಸಲದ ಭೇಟಿಗಳನ್ನು ತೆರೆದು ನೋಡಿ. ಎಷ್ಟು ಜನ ಬಂದಿದ್ದರು? ಆಮೇಲೆ ಯಾರಾದರೂ ಏನಾದರೂ ಬರೆದಿದ್ದಾರಾ? ಬೇರೆ ಬೇರೆ ವಾರದ ಫೋಟೊಗಳಲ್ಲಿ ಒಂದೆರಡು ಮುಖ ಮತ್ತೆ ಮತ್ತೆ ಕಾಣುತ್ತಿವೆಯಾ? ನನಗೆ ಈ ಕೊನೆಯ ಪ್ರಶ್ನೆಯೇ ನಂಬಿಕೆಯ ಗುರುತು. ಒಮ್ಮೆ ಬಂದವರು ಮತ್ತೆ ಬಂದಿದ್ದಾರೆ ಅಂದರೆ ಅಲ್ಲಿ ಏನೋ ಒಳ್ಳೆಯದು ನಡೆಯುತ್ತಿದೆ. ಫೇಸ್‌ಬುಕ್ ಗ್ರೂಪಾದರೆ 'ಅಬೌಟ್' ಪುಟ ನೋಡಿ. ಇವತ್ತು ಎಷ್ಟು ಪೋಸ್ಟ್, ಕಳೆದ ತಿಂಗಳು ಎಷ್ಟು ಅಂತ ಅಲ್ಲಿರುತ್ತದೆ.

ಗುಂಪಿನ ಗಾತ್ರ ಎಂಟರಿಂದ ಇಪ್ಪತ್ತು ಜನರ ಆಸುಪಾಸಿನಲ್ಲಿದ್ದರೆ ಹೊಸಬರಿಗೆ ಹಿತ. ನೂರು ಜನ ಸೇರುವ ಕಡೆ ಯಾರಿಗೂ ಸಿಗದೆ ಹೊರಬರಬಹುದು. ಮೂರೇ ಜನ ಇದ್ದರೆ ಅವರು ಮೊದಲೇ ಆಪ್ತರಾಗಿರುವ ಸಾಧ್ಯತೆ ಹೆಚ್ಚು.

ಹುಡುಕುವಾಗ ಒಂದೇ ಪದಕ್ಕೆ ಜೋತು ಬೀಳಬೇಡಿ. 'ಓದು', 'ಪುಸ್ತಕ', 'ಕಥೆ', 'ಲೈಬ್ರರಿ' ಎಲ್ಲ ಹಾಕಿ ನೋಡಿ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹುಡುಕಿ. ಒಂದರಲ್ಲಿ ಕಾಣದ ಗುಂಪು ಇನ್ನೊಂದರಲ್ಲಿ ಸಿಗುತ್ತದೆ, ಯಾಕೆಂದರೆ ಹೆಸರಿಟ್ಟವರು ಯಾವ ಲಿಪಿಯಲ್ಲಿ ಬರೆದಿದ್ದಾರೋ ಆ್ಯಪ್ ಅದನ್ನೇ ಹಿಡಿಯುವುದು ಹೆಚ್ಚು.

ಎರಡು ಗುಂಪು ಆರಿಸಿ. ಒಂದು ವಾರವಾರ ಸೇರುವುದೇ ಆಗಿರಲಿ.

ನಡೆಸುವವರಿಗೆ ಒಂದು ಮೆಸೇಜ್

'ಬರ್ತೀನಿ' ಅಂತ ಒತ್ತುವ ಮುಂಚೆಯೋ ನಂತರವೋ ಗುಂಪು ನಡೆಸುವವರಿಗೆ ಎರಡು ಸಾಲು ಕಳಿಸಿ. ಹೀಗೆ:

"ನಮಸ್ತೆ. ಶನಿವಾರದ ಆಟಕ್ಕೆ ಬರಬೇಕು ಅಂತಿದ್ದೀನಿ, ಇದೇ ಮೊದಲ ಸಲ. ಆಟ ಏನೂ ಬರಲ್ಲ, ಪರವಾಗಿಲ್ವಾ? ಎಲ್ಲಿ ಸೇರ್ತೀರಿ, ಗೇಟ್ ಹತ್ತಿರಾನಾ, ಒಳಗಡೆನಾ?"

ನನಗೆ ಬಂದ ಉತ್ತರ ಇನ್ನೂ ನೆನಪಿದೆ. "ಬನ್ನಿ ಬನ್ನಿ, ನಮಗೂ ಅರ್ಧ ಜನಕ್ಕೆ ಬರಲ್ಲ. ಒಳಗೆ ಬಂದು ಎಡಗಡೆ ಉದ್ದದ ಟೇಬಲ್. ಹಸಿರು ಚೀಲ ಇಟ್ಕೊಂಡಿರ್ತೀನಿ." ಆ ಹಸಿರು ಚೀಲದಿಂದ ನನ್ನ ಅರ್ಧ ಭಯ ಇಳಿಯಿತು. ಎದುರು ನೋಡಲು ಒಂದು ಗುರುತು ಸಿಕ್ಕಿತ್ತು, ನಾನು ಬರುತ್ತೇನೆ ಅಂತ ಗೊತ್ತಿರುವ ಒಬ್ಬರು ಅಲ್ಲಿದ್ದರು. ಎರಡು ದಿನವಾದರೂ ಉತ್ತರ ಬರದಿದ್ದರೆ ಅದೂ ಒಂದು ಸೂಚನೆಯೇ, ಬೇರೆ ಗುಂಪು ನೋಡಿ.

ಬರುತ್ತೇನೆ ಅಂತ ಒತ್ತಿದ ಮೇಲೆ ಹೋಗಿ. ಆಗದಿದ್ದರೆ ಹಿಂದಿನ ದಿನವೇ ತೆಗೆದುಬಿಡಿ. ವೇಟಿಂಗ್ ಲಿಸ್ಟಿನಲ್ಲಿ ಇನ್ಯಾರೋ ಕಾಯುತ್ತಿರುತ್ತಾರೆ.

ಮೊದಲ ದಿನ

ಹತ್ತು ನಿಮಿಷ ಮುಂಚೆ ಹೋಗಿ. ತಡವಾಗಿ ಹೋಗಿ ಮೆಲ್ಲಗೆ ಸೇರಿಕೊಳ್ಳೋಣ ಅಂತ ಅನ್ನಿಸುತ್ತದೆ, ಆದರೆ ಅದೇ ಕಷ್ಟ. ಆ ಹೊತ್ತಿಗೆ ಎಲ್ಲರೂ ಗುಂಪುಗುಂಪಾಗಿ ಮಾತಿಗಿಳಿದಿರುತ್ತಾರೆ. ಮುಂಚೆ ಹೋದರೆ ಇಬ್ಬರೋ ಮೂವರೋ ಇರುತ್ತಾರೆ, ಅವರಿಗೆ ಕೆಲಸವೂ ಇರುತ್ತದೆ. "ಕುರ್ಚಿ ಹಾಕ್ಲಾ?" ಅಂತ ಕೇಳಿ. ಪರಿಚಯಕ್ಕೆ ಇದಕ್ಕಿಂತ ಸುಲಭದ ಮಾತು ನನಗೆ ಗೊತ್ತಿಲ್ಲ.

ಅವತ್ತು ಆ ಉದ್ದದ ಟೇಬಲ್ ಮೇಲೆ ಒಂದು ಡಬ್ಬಿ ಬೋರಲಾಗಿ ಬಿದ್ದು, ಮರದ ಸಣ್ಣ ಬಿಲ್ಲೆಗಳೆಲ್ಲ ಬೆರೆತು ಹೋಗಿದ್ದವು. ಕೆಂಪು, ನೀಲಿ, ಹಳದಿ, ಕಪ್ಪು. ನನ್ನ ಅಪ್ಪನ ವಯಸ್ಸಿನವರೊಬ್ಬರು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದರು. ನಾನೂ ಕೂತೆ. ನನ್ನ ಕಡೆಗೆ ಹಳದಿ ತಳ್ಳಿದರು, ನಾನು ಎಣಿಸಿದೆ. "ಹತ್ತೊಂಬತ್ತೇ ಇದೆ" ಅಂದೆ. "ಇಪ್ಪತ್ತು ಇರಬೇಕು" ಅಂದರು. ಇಬ್ಬರೂ ಟೇಬಲ್ ಕೆಳಗೆ ಬಗ್ಗಿ ಹುಡುಕಿದೆವು, ಕುರ್ಚಿ ಕಾಲಿನ ಹಿಂದೆ ಸಿಕ್ಕಿತು. ಆಮೇಲೆ ಅವರು ನನ್ನ ಹೆಸರು ಕೇಳಿದರು. ಈಗ ಈಜುಕೊಳದ ಫಾರಂನಲ್ಲಿ ಇರುವುದು ಅವರ ನಂಬರೇ.

ಮಾತಿಗೆ ಏನು ಹೇಳುವುದು ಅಂತ ತಲೆಕೆಡಿಸಿಕೊಳ್ಳಬೇಡಿ. "ಎಷ್ಟು ದಿನದಿಂದ ಬರ್ತಿದ್ದೀರಿ?", "ನಿಮಗೆ ಇದು ಹೇಗೆ ಗೊತ್ತಾಯ್ತು?" ಈ ಎರಡು ಪ್ರಶ್ನೆ ಎಲ್ಲಿ ಬೇಕಾದರೂ ನಡೆಯುತ್ತವೆ. ಕೆಲಸ ಏನು, ಸಂಬಳ ಎಷ್ಟು, ಮದುವೆ ಆಗಿದೆಯಾ ಅನ್ನುವುದನ್ನು ಅವರಾಗಿ ಹೇಳುವ ತನಕ ಬಿಡಿ. ಒಂದಿಬ್ಬರ ಹೆಸರು ನೆನಪಿಟ್ಟುಕೊಳ್ಳಿ, ಮನೆಗೆ ಬರುವ ದಾರಿಯಲ್ಲೇ ಫೋನಿನಲ್ಲಿ ಬರೆದುಕೊಳ್ಳಿ. ಮುಂದಿನ ವಾರ ಹೆಸರು ಹಿಡಿದು ಕರೆದರೆ ಅವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ಒಂದು ಗಂಟೆ ಇದ್ದು, ಸಾಕು ಅನ್ನಿಸಿದರೆ ಹೇಳಿ ಹೊರಡಿ. ಮೊದಲ ದಿನಕ್ಕೆ ಅಷ್ಟು ಸಾಕು.

ಮನೆಗೆ ಬಂದ ಮೇಲೆ ಒಂದು ಕೆಟ್ಟ ಗಳಿಗೆ ಬರುತ್ತದೆ. ನಾನು ಜಾಸ್ತಿ ಮಾತಾಡಿಬಿಟ್ಟೆನಾ? ಅವರಿಗೆ ಬೇಸರವಾಯಿತಾ? ಆಗ ಇದನ್ನು ನೆನಪಿಸಿಕೊಳ್ಳಿ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸಲ ಮಾತಾಡಿದವರು ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಅನ್ನುವುದನ್ನು ನಿಜಕ್ಕಿಂತ ಕಡಿಮೆಯೇ ಅಂದಾಜು ಮಾಡಿದ್ದರು. ನಿಮ್ಮ ಜೊತೆ ಮಾತಾಡಿದವರೂ ಅವರ ಮನೆಯಲ್ಲಿ ಕೂತು ಹೀಗೇ ಯೋಚಿಸುತ್ತಿರಬಹುದು.

ಕಡಿಮೆ ಅಂದರೂ ನಾಲ್ಕು ಸಲ ಹೋಗಿ

ಮೊದಲ ಸಲ ಹಿಡಿಸಲಿಲ್ಲ ಅಂತ ಬಿಟ್ಟುಬಿಡುವುದು ನಾವೆಲ್ಲ ಮಾಡುವ ತಪ್ಪು. ಅವಮಾನ, ಭಯ ಆಗುವಂಥದ್ದೇನಾದರೂ ನಡೆದಿದ್ದರೆ ಮತ್ತೆ ಹೋಗಬೇಡಿ. ಬರೀ ಸಪ್ಪೆ ಅನ್ನಿಸಿದ್ದರೆ ಇನ್ನೂ ಮೂರು ಸಲ ಹೋಗಿ.

ಕಾರಣ ಹೇಳುತ್ತೇನೆ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು ಗೆಳೆತನಕ್ಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಲು ಹೊರಟರು. 2018ರಲ್ಲಿ ಹೊರಬಂದ ಅವರ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಗೆಳೆಯ ಅನ್ನಲು ಸುಮಾರು 90 ಗಂಟೆ. ಆಪ್ತ ಗೆಳೆತನಕ್ಕೆ 200 ಗಂಟೆಗೂ ಜಾಸ್ತಿ. ಈಗ ನೀವೇ ಲೆಕ್ಕ ಹಾಕಿ. ವಾರಕ್ಕೆ 2 ಗಂಟೆ ಸೇರುವ ಗುಂಪಿನಲ್ಲಿ 50 ಗಂಟೆ ತುಂಬಲು 25 ವಾರ ಬೇಕು. ತಿಂಗಳಿಗೊಮ್ಮೆ ಸೇರುವ ಗುಂಪಾದರೆ 2 ವರ್ಷವೇ ಹಿಡಿಯುತ್ತದೆ. ವಾರವಾರ ಸೇರುವ ಗುಂಪು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಮೂರು ತಿಂಗಳಾದರೂ 'ಇನ್ನೂ ಯಾರೂ ಹತ್ತಿರ ಆಗಿಲ್ಲ' ಅನ್ನಿಸಿದರೆ ನಿಮ್ಮಲ್ಲಿ ಕೊರತೆಯಿದೆ ಅಂತಲ್ಲ, ಗಂಟೆಗಳು ಇನ್ನೂ ತುಂಬಿಲ್ಲ.

ಮಾತೇ ಬಾರದ ಸಂಕೋಚದವರಿಗೂ ಒಂದು ಧೈರ್ಯದ ಸಂಗತಿ ಇದೆ. ರಿಚರ್ಡ್ ಮೋರ್‌ಲ್ಯಾಂಡ್ ಮತ್ತು ಸ್ಕಾಟ್ ಬೀಚ್ ಎಂಬಿಬ್ಬರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ವರು ಹೆಂಗಸರನ್ನು ಆರಿಸಿಕೊಂಡಿದ್ದರು. ಒಬ್ಬರು ಒಂದು ಕಾಲೇಜು ತರಗತಿಗೆ 15 ಸಲ, ಒಬ್ಬರು 10 ಸಲ, ಒಬ್ಬರು 5 ಸಲ ಬಂದು ಕೂತು ಹೋದರು, ಇನ್ನೊಬ್ಬರು ಬರಲೇ ಇಲ್ಲ. ಯಾರ ಜೊತೆಗೂ ಅವರು ಮಾತಾಡಲಿಲ್ಲ. ಕೊನೆಗೆ ವಿದ್ಯಾರ್ಥಿಗಳಿಗೆ ನಾಲ್ವರ ಫೋಟೊ ತೋರಿಸಿದಾಗ, ಹೆಚ್ಚು ಸಲ ಬಂದವರೇ ಹೆಚ್ಚು ಇಷ್ಟವಾಗಿದ್ದರು. ಬರೀ ಬಂದು ಕೂತರೂ ಏನೋ ಒಂದು ಬೆಳೆಯುತ್ತಿರುತ್ತದೆ.

ಗುಂಪಿನಿಂದ ಒಬ್ಬರ ಕಡೆಗೆ

ನಾಲ್ಕೈದು ವಾರ ಕಳೆದ ಮೇಲೆ ಒಬ್ಬಿಬ್ಬರ ಜೊತೆ ಮಾತು ಹೊಂದುತ್ತದೆ ಅಂತ ಗೊತ್ತಾಗುತ್ತದೆ. ಅವರನ್ನು ಗುಂಪಿನ ಹೊರಗೆ ಕರೆಯುವ ಹೊತ್ತು ಅದು. ಇಲ್ಲಿ "ಯಾವಾಗಾದ್ರೂ ಸಿಗೋಣ" ಅನ್ನಬೇಡಿ. ಆ ಮಾತಿಗೆ ಎಲ್ಲರೂ "ಖಂಡಿತ" ಅನ್ನುತ್ತಾರೆ, ಯಾರೂ ಸಿಗುವುದಿಲ್ಲ. "ಬುಧವಾರ ಸಂಜೆ ಆರಕ್ಕೆ ಕೆರೆ ಸುತ್ತ ನಡೆಯೋಕೆ ಹೋಗ್ತೀನಿ, ಬರ್ತೀರಾ? ಆಗದಿದ್ರೂ ಪರವಾಗಿಲ್ಲ" ಅನ್ನಿ. ದಿನ, ಹೊತ್ತು, ಜಾಗ ಮೂರೂ ಇದೆ. ಬೇಡ ಅನ್ನಲು ದಾರಿಯೂ ಇದೆ.

ಬೇಡ ಅಂದರೆ ಇನ್ನೊಂದು ವಾರ ಬಿಟ್ಟು ಮತ್ತೊಮ್ಮೆ ಕೇಳಿ. ಆಗಲೂ ಇಲ್ಲ ಅಂದರೆ ಬಿಟ್ಟುಬಿಡಿ, ಗುಂಪಿನಲ್ಲಿ ಎಂದಿನಂತೆ ನಗುತ್ತಾ ಮಾತಾಡಿ. 'ನೀವು' ಹೋಗಿ 'ನೀನು' ಆಗಲಿಕ್ಕೂ ಅವಸರ ಬೇಡ. ಎದುರಿನವರ ಬಾಯಲ್ಲಿ ಅದು ತಾನಾಗಿ ಬಂದ ದಿನ ನಿಮಗೇ ಗೊತ್ತಾಗುತ್ತದೆ, ಆ ಖುಷಿಯೇ ಬೇರೆ.

ಹುಷಾರಾಗಿರಬೇಕಾದ ಕಡೆ

ಒಬ್ಬರನ್ನೇ ಭೇಟಿಯಾಗುವುದಾದರೆ ಮೊದಲ ಕೆಲವು ಸಲ ಜನ ಓಡಾಡುವ ಜಾಗದಲ್ಲೇ, ಬೆಳಕಿರುವಾಗಲೇ ಆಗಲಿ. ಅವರ ಗಾಡಿಯಲ್ಲಿ ಬೇಡ, ನಿಮ್ಮಷ್ಟಕ್ಕೆ ಹೋಗಿ ನಿಮ್ಮಷ್ಟಕ್ಕೆ ಬನ್ನಿ. ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್ ಅಂತ ಮನೆಯವರಿಗೋ ಹಳೆಯ ಗೆಳೆಯರಿಗೋ ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಅನ್ನು 15 ನಿಮಿಷ, 1 ಗಂಟೆ, 8 ಗಂಟೆ ಹೀಗೆ ಹಂಚಿಕೊಳ್ಳಬಹುದು. 8 ಗಂಟೆ ಆರಿಸಿ, ಮನೆಗೆ ಬಂದ ಮೇಲೆ ನಿಲ್ಲಿಸಿ.

ಫೋನ್ ನಂಬರ್ ಕೊಡಲು ಆತುರ ಬೇಡ. ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿದರೆ ನಿಮ್ಮ ನಂಬರ್ ಅಲ್ಲಿರುವವರಿಗೂ ಕಾಣುತ್ತದೆ, ಒಂದು ಗ್ರೂಪಿನಲ್ಲಿ 1024 ಜನ ಇರಬಹುದು ಅನ್ನುವುದು ನೆನಪಿರಲಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅಲ್ಲಿ ಗ್ರೂಪ್ಸ್‌ಗೆ ಹೋಗಿ 'ಮೈ ಕಾಂಟ್ಯಾಕ್ಟ್ಸ್' ಅಂತ ಮಾಡಿಟ್ಟರೆ ಅಪರಿಚಿತರು ಸುಮ್ಮಸುಮ್ಮನೆ ನಿಮ್ಮನ್ನು ಗ್ರೂಪಿಗೆ ಎಳೆಯಲು ಆಗುವುದಿಲ್ಲ.

ಹಣದ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಮೋಸ ಮಾಡುವವರು ಮೊದಲ ದಿನವೇ ಹಣ ಕೇಳುವುದಿಲ್ಲ. ವಾರಗಟ್ಟಲೆ ಪ್ರೀತಿಯಿಂದ ಮಾತಾಡುತ್ತಾರೆ, ಬೆಳಿಗ್ಗೆ ಎದ್ದಿರಾ ಅಂತ ವಿಚಾರಿಸುತ್ತಾರೆ, ಆ್ಯಪ್ ಬಿಟ್ಟು ಬೇರೆ ಕಡೆ ಮಾತಾಡೋಣ ಅನ್ನುತ್ತಾರೆ, ಭೇಟಿ ಮಾತ್ರ ಮುಂದೂಡುತ್ತಲೇ ಇರುತ್ತಾರೆ. ಆಮೇಲೆ ತಾವು ಕ್ರಿಪ್ಟೊದಲ್ಲೋ ಷೇರಿನಲ್ಲೋ ದುಡಿದ ಹಣದ ಸ್ಕ್ರೀನ್‌ಶಾಟ್ ಬರುತ್ತದೆ. ಅನುಮಾನ ಬಂದರೆ ಅವರ ಪ್ರೊಫೈಲ್ ಫೋಟೊವನ್ನು, ಫೋಟೊ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಬೇರೆ ಹೆಸರಿನಲ್ಲಿ ಅದೇ ಫೋಟೊ ಸಿಗಬಹುದು. ಒಟಿಪಿಯನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳಬೇಡಿ. ಗುಂಪಿನ ಹೆಸರಿನಲ್ಲಿ ಸರಕು ಮಾರುವವರು, ತಮ್ಮ ಕೆಳಗೆ ಜನ ಸೇರಿಸುವವರು ಇದ್ದಾರೆ. ಎರಡನೇ ಭೇಟಿಯಲ್ಲೇ 'ಒಂದು ಒಳ್ಳೆ ಅವಕಾಶ ಇದೆ' ಅಂದರೆ ಎದ್ದು ಬನ್ನಿ.

ಯಾರಾದರೂ ಇಂಥವರು ಸಿಕ್ಕರೆ ಬ್ಲಾಕ್ ಮಾಡಿ ಬಿಡುವುದಷ್ಟೇ ಅಲ್ಲ, ರಿಪೋರ್ಟ್ ಕೂಡ ಮಾಡಿ. ನಿಮ್ಮ ನಂತರ ಬರುವವರಿಗೆ ಅದು ಉಪಕಾರ.

ಬೇಕಾದ ಗುಂಪೇ ಇಲ್ಲದಿದ್ದರೆ

ನೀವೇ ಶುರು ಮಾಡಿ. ಜಗತ್ತಿನ ಅನೇಕ ದೇಶಗಳಲ್ಲಿ ವಾರವಾರ ನಡೆಯುವ ಪಾರ್ಕ್‌ರನ್ ಎಂಬ 5 ಕಿಲೋಮೀಟರ್ ಉಚಿತ ಓಟ ಇದೆಯಲ್ಲ, 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ ಅದು ಶುರುವಾದಾಗ ಓಡಿದ್ದು 13 ಜನ. ಪಾಲ್ ಸಿಂಟನ್-ಹ್ಯೂಯಿಟ್ ಅದನ್ನು ಶುರು ಮಾಡಿದವರು, ಅವರಿಗೇ ಗಾಯವಾಗಿ ಓಡಲು ಆಗದ ಕಾಲ ಅದು.

ಗುಂಪಿನ ಹೆಸರಿನಲ್ಲೇ ಏನು, ಎಲ್ಲಿ, ಯಾವಾಗ ಅನ್ನುವುದು ಬರಲಿ. 'ಸ್ನೇಹ ಬಳಗ' ಅಂದರೆ ಏನು ಮಾಡುತ್ತಾರೆ ಅಂತ ತಿಳಿಯುವುದಿಲ್ಲ. 'ಭಾನುವಾರ ಬೆಳಗಿನ ನಿಧಾನ ನಡಿಗೆ' ಅಂದರೆ ತಿಳಿಯುತ್ತದೆ. ಜಾಗ, ಹೊತ್ತು ಬದಲಾಯಿಸಬೇಡಿ, ಒಂದು ವಾರ ತಪ್ಪಿಸಿಕೊಂಡವರು ಕೇಳದೆಯೇ ಮುಂದಿನ ವಾರ ಬಂದು ಸೇರುವಂತಿರಬೇಕು. ಬರುತ್ತೇನೆ ಅಂದವರಲ್ಲಿ ಅರ್ಧ ಜನ ಬಂದರೆ ಹೆಚ್ಚು ಅಂದುಕೊಳ್ಳಿ. ಒಬ್ಬರೇ ಬಂದರೂ ಹೊರಟ ದಾರಿಯನ್ನು ಪೂರ್ತಿ ನಡೆಯಿರಿ, ಒಂದು ಫೋಟೊ ಹಾಕಿ, ಮುಂದಿನ ವಾರದ ದಿನವನ್ನು ಅವತ್ತೇ ತಿಳಿಸಿ. ಗೇಟಿನ ಹತ್ತಿರ ಗುರುತಿಗೆ ಏನಾದರೂ ಹಿಡಿದುಕೊಂಡು ನಿಲ್ಲಿ. ಮೊದಲ ಸಲ ಬರುವವರು ಅತ್ತಿತ್ತ ನೋಡುತ್ತಾ, ಫೋನ್ ತೆಗೆಯುತ್ತಾ, ಮತ್ತೆ ಜೇಬಿಗಿಡುತ್ತಾ ಇರುತ್ತಾರೆ. ಅವರು ನಿಮ್ಮನ್ನು ಕೇಳುವ ತನಕ ಕಾಯಬೇಡಿ, ನೀವೇ ನಾಲ್ಕು ಹೆಜ್ಜೆ ಮುಂದೆ ಹೋಗಿ "ನಡಿಗೆಗೆ ಬಂದ್ರಾ?" ಅಂತ ಕೇಳಿ.